ನಲವತ್ತೆಂಟು ಅಂಚುಗಳು

ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಸೊಸೈಟಿಯಲ್ಲಿ ಕಂಪ್ಯೂಟರ್ ಕೋಣೆಯ ಬೀಗದ ಕೈ ಗೀತಮ್ಮನ ಸೆರಗಿನ ಗಂಟಿನಲ್ಲಿರುತ್ತಿತ್ತು. ಯಂತ್ರ ಮುಟ್ಟಲು ಬಾರದವಳ ಕೈಗೆ ಯಂತ್ರದ ಕೋಣೆ ಯಾಕೆ ಕೊಟ್ಟಿರಿ ಎಂದು ಕೇಳಿದವರಿಗೆ ಅಧ್ಯಕ್ಷ ಹಾಲೇಶಪ್ಪ ಹೇಳುತ್ತಿದ್ದುದು ಒಂದೇ ಮಾತು: “ಮುಟ್ಟಾಕೆ ಬರೋರ ಕೈಗೆ ಕೊಟ್ರೆ ಮುಟ್ತಾರೆ ಕಣ್ರಿ.”

ಐವತ್ತೆರಡರ ಗೀತಮ್ಮ ಅದಕ್ಕೂ ಮೊದಲು ಇಪ್ಪತ್ತೇಳು ವರ್ಷ ಓದುವ ಕೆಲಸದಲ್ಲಿದ್ದವಳು. ಓದುವುದೆಂದರೆ ಪುಸ್ತಕವಲ್ಲ. ಅವಳ ಗಂಡ ಹುಲಿಯಪ್ಪ ಸೀರೆಯ ಅಂಚುಗಳನ್ನು ಚೌಕುಳಿ ಹಾಳೆಯ ಮೇಲೆ ಚುಕ್ಕಿಯಿಟ್ಟು ಬರೆಯುತ್ತಿದ್ದ. ಆ ಚುಕ್ಕಿಗಳನ್ನು ರಟ್ಟಿನ ಪಟ್ಟಿಗಳಿಗೆ ತೂತು ಮಾಡಿ ಇಳಿಸಬೇಕು. ಪಟ್ಟಿಗಳ ಮಾಲೆಯನ್ನು ಮಗ್ಗದ ಮೇಲೆ ಏರಿಸಿದರೆ ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಕೂರುತ್ತದೆ, ಅಂಚಿನಲ್ಲಿ ಗಿಣಿಯೋ ಹಣ್ಣೋ ಮೂಡುತ್ತದೆ. ಗೀತಮ್ಮ ಹಾಳೆ ನೋಡಿ ಹೇಳುವಳು, ಹುಲಿಯಪ್ಪ ತೂತು ಹೊಡೆಯುವನು. “ಎರಡು ಹೊಡಿ, ಮೂರು ಬಿಡು. ಒಂದು ಹೊಡಿ, ಮೂರು ಬಿಡು. ಎರಡು ಹೊಡಿ.” ಬರಿಯ ಲೆಕ್ಕ ಹೇಳಿದರೆ ನಾಲಿಗೆ ತಡವರಿಸುತ್ತದೆ, ಕೈ ತಪ್ಪುತ್ತದೆ. ಬೀಸುವ ಕಲ್ಲಿನ ಮುಂದೆ ತಾಯಿ ಹೇಳುತ್ತಿದ್ದ ಪದಗಳನ್ನು ಕೇಳಿ ಬೆಳೆದ ಗೀತಮ್ಮ ಆ ಲೆಕ್ಕಕ್ಕೂ ಒಂದು ನಡೆ ಕೊಟ್ಟಿದ್ದಳು. ಗೌರಿ ಮಂಟಪಕ್ಕೆ ನಿಧಾನದ ನಡೆ. ರುದ್ರಾಕ್ಷಿ ಸಾಲಿಗೆ ಕುಟ್ಟುವ ನಡೆ. ಜೋಡಿ ಗಿಣಿ ಓದುವಾಗ ಪಕ್ಕದ ಮನೆಯವರು ಸೋಬಾನೆ ಹೇಳುತ್ತಿದ್ದಾಳೆ ಅಂದುಕೊಂಡಿದ್ದೂ ಉಂಟು.

ಮೂರು ವರ್ಷದ ಹಿಂದೆ ಕಂಪ್ಯೂಟರ್ ಬಂತು. ಅದರ ಜೊತೆಗೆ ತಾನೇ ತೂತು ಹೊಡೆಯುವ ಮಿಷನ್ ಬಂತು. ಚಳ್ಳಕೆರೆಯಲ್ಲಿ ಕಲಿತು ಬಂದ ಸುನಿತಾ, ಒಂದು ಮಗುವಿನ ತಾಯಿ, ಹುಲಿಯಪ್ಪನ ನಲವತ್ತೆಂಟು ಅಂಚುಗಳನ್ನು ಒಂದೂವರೆ ವರ್ಷ ಕೂತು ಅದರೊಳಗೆ ಹಾಕಿದಳು. ಹುಲಿಯಪ್ಪನ ಕಣ್ಣು ಅಷ್ಟರಲ್ಲಿ ಪೂರಾ ಹೋಗಿತ್ತು. ಓದಲು ಏನೂ ಉಳಿಯದ ಗೀತಮ್ಮನಿಗೆ ಬೀಗ ಕಾಯುವ ಕೆಲಸ ಸಿಕ್ಕಿತು. ಕೋಣೆಯ ಕಟ್ಟಳೆಗಳನ್ನು ಅವಳೇ ಮಾಡಿದ್ದಳು: ಚಪ್ಪಲಿ ಹೊರಗೆ, ಎಲೆಯಡಿಕೆ ಹೊರಗೆ, ಹೊರಗಿನವರ ಫ್ಲಾಪಿ ಹೊರಗೆ. ಪಾಲಿಸಿ ಪಾಲಿಸಿ ಅವಳಿಗೆ ಸಾಕಾಗಿತ್ತು. ದಿನಕ್ಕೊಬ್ಬ ಬಾಗಿಲಲ್ಲಿ ನಿಂತು, “ಅಕ್ಕ, ನಮ್ಮ ಹುಡುಗಿ ಲಗ್ನಪತ್ರಿಕೆ ಐತೆ, ಐದೇ ನಿಮಿಷ,” ಅನ್ನುವನು. ದಿನಾ ಅದೇ ಇಲ್ಲ, ದಿನಾ ಅದೇ ಮುನಿಸು.

ಆ ಸೋಮವಾರ ಬೆಳಿಗ್ಗೆ ಬಂದವನು ಮಾತ್ರ ಕ್ಯಾತಣ್ಣ. ಇಪ್ಪತ್ತು ವರ್ಷದಿಂದ ಸೊಸೈಟಿಯ ಮಗ್ಗದಲ್ಲಿ ಕೂತವನು. ಕುರಿ ಕಾಯುವವರ ಮನೆಯವನು.

“ಗೀತಕ್ಕ, ನಿಮ್ಮ ಕಂಪ್ಯೂಟ್ರು ರಾತ್ರಿ ಎಲ್ಲಾನ ಕುಡ್ಕಂಡು ಬಂದೈತೇನು?”

“ಯಾಕಪ್ಪ?”

“ಬಂದು ನೋಡು. ನನ್ನ ಗಿಣಿ ತನ್ನ ಬಾಲ ತಾನೇ ತಿಂತಾ ಕುಂತೈತೆ.”

ಹೋಗಿ ನೋಡಿದಳು. ಹೊಸ ಪಟ್ಟಿ ಏರಿಸಿ ಒಂದು ಗೇಣು ನೇಯ್ದಿದ್ದ. ಜೋಡಿ ಗಿಣಿಯ ಅಂಚಿನಲ್ಲಿ ಕೊಕ್ಕಿನ ನಾಲ್ಕು ಎಳೆ ಬಾಲದ ಹತ್ತಿರ ಎದ್ದಿದ್ದವು. ಬಾಲದ ಎಳೆಗಳು ಕಣ್ಣಿನ ಜಾಗದಲ್ಲಿ. ಮಗ್ಗದ್ದು ತಪ್ಪಲ್ಲ, ಪಟ್ಟಿಯದೂ ಅಲ್ಲ. ಸುನಿತಾ ಕಂಪ್ಯೂಟರಿನಲ್ಲಿ ಗಿಣಿಯನ್ನು ತೆರೆದಳು. ಪರದೆಯ ಮೇಲೂ ಗಿಣಿ ಹಾಗೆಯೇ ಇತ್ತು. ಗೌರಿ ಮಂಟಪ ತೆರೆದಳು: ಮಂಟಪದ ಎಡಗಂಬದಲ್ಲಿ ಚುಕ್ಕಿಗಳು ಚೆದುರಿದ್ದವು. ಒಂದಾದ ಮೇಲೊಂದು ತೆರೆದಳು. ಕೆಲವು ಬಹಳ, ಕೆಲವು ಸ್ವಲ್ಪ, ಒಂದೂ ಮೊದಲಿನಂತಿಲ್ಲ. ಆಪತ್ತಿಗೆಂದು ಡಬ್ಬಿಯಲ್ಲಿ ತೆಗೆದಿಟ್ಟ ಫ್ಲಾಪಿಗಳನ್ನು ಹಾಕಿ ನೋಡಿದರೆ ಅವುಗಳಲ್ಲಿಯೂ ಅದೇ.

ದಾವಣಗೆರೆಯ ಇಂಜಿನಿಯರಿಗೆ ಫೋನ್ ಮಾಡಿದರು. ಅವನು ಹೇಳಿದ್ದನ್ನು ಸುನಿತಾ ಎಲ್ಲರಿಗೂ ತಿಳಿಯುವಂತೆ ಹೇಳಿದಳು. “ವೈರಸ್ಸು ಅಂತೆ. ಫ್ಲಾಪಿಯಿಂದ ಬಂದು ಒಳಗೆ ಸೇರ್ಕಂಡೈತೆ. ನಾವು ಏನಾನ ಉಳಿಸಿದಾಗೆಲ್ಲ ಅಲ್ಲಿಂದು ಇಲ್ಲಿಗೆ, ಇಲ್ಲಿಂದು ಅಲ್ಲಿಗೆ ಒಂದೊಂದು ಚೂರು ಬದಲು ಮಾಡುತ್ತಂತೆ. ಒಂದೇ ಸಲ ಮಾಡಿದ್ರೆ ಗೊತ್ತಾಗ್ತಿತ್ತು. ಇದು ತಿಂಗಳುಗಟ್ಟಲೆಯಿಂದ ನಡೆದೈತೆ. ಆ ಫ್ಲಾಪಿಗಳಿಗೂ ಇದೇ ಕಂಪ್ಯೂಟ್ರಿಂದ ಬರೆದಿದ್ದು, ಅದಕ್ಕೇ ಅವೂ ಕೆಟ್ಟಾವೆ.”

“ಈಗೇನು ಮಾಡಾಕೆ ಹೇಳಿದ?” ಎಂದರು ಹಾಲೇಶಪ್ಪ.

“ಶನಿವಾರ ಬರ್ತಾರಂತೆ. ಬಂದು ಪೂರಾ ಅಳಿಸಿ ಹೊಸದಾಗಿ ಹಾಕ್ತಾರೆ. ಫ್ಲಾಪಿಗಳನ್ನೂ ಅಳಿಸ್ತಾರೆ. ಅಷ್ಟರೊಳಗೆ ಯಾವ ಡಿಸೈನ್ ಸರಿ ಐತೆ ಅಂತ ಗ್ಯಾರಂಟಿ ಇರುತ್ತೋ ಅದನ್ನ ಕಾಗದದ ಮೇಲೆ ಬರ್ದಿಟ್ಕೊಳ್ಳಿ ಅಂದ್ರು. ಕಾಗದಕ್ಕೆ ಈ ಹುಳ ಹತ್ತಲ್ಲಂತೆ.”

ಹಾಲೇಶಪ್ಪ ಉಸಿರು ಬಿಟ್ಟರು. “ಅಷ್ಟೇ ತಾನೆ? ಹುಲಿಯಪ್ಪನ ಹಳೇ ಹಾಳೆ ಅದಾವಲ್ಲ. ತೆಗೀರಿ ಅವನ್ನ.”

ಸುನಿತಾ ಗೀತಮ್ಮನ ಮುಖ ನೋಡಿದಳು. ಕ್ಯಾತಣ್ಣ ಮಗ್ಗದ ಕಡೆ ಮುಖ ತಿರುಗಿಸಿದ. ಹಾಲೇಶಪ್ಪನಿಗೂ ನೆನಪಾಯಿತು; ಅವರೂ ಅವತ್ತು ಬಂದಿದ್ದರು, ಕೈಮುಗಿದಿದ್ದರು.

ಆ ಹಾಳೆಗಳು ಇರಲಿಲ್ಲ. ಎಲ್ಲ ಕಂಪ್ಯೂಟರಿಗೆ ಹೋಗಿ ಮುಗಿದ ಮೇಲೆ, ಅಂಚು ಹರಿದು ಮಡಿಕೆಯಲ್ಲಿ ತೂತು ಬಿದ್ದ ಹಾಳೆಗಳ ಕಟ್ಟನ್ನು ಏನು ಮಾಡುವುದೆಂಬ ಪ್ರಶ್ನೆ ಬಂದಿತ್ತು. ಹಳೇ ಪೇಪರಿನವನಿಗೆ ಹಾಕೋಣವೆಂದು ಯಾರೋ ಅಂದಾಗ ಗೀತಮ್ಮ ಕಿವಿ ಮುಚ್ಚಿಕೊಂಡಿದ್ದಳು. ಇಪ್ಪತ್ತೇಳು ವರ್ಷ ಅನ್ನ ಕೊಟ್ಟ ಅಕ್ಷರ ಅವು. ಕಡ್ಲೆಕಾಯಿ ಪೊಟ್ಟಣವಾಗಬೇಕೇ? ಮನೆಯಲ್ಲಿ ಓದಿ ಓದಿ ಜೀರ್ಣವಾದ ಪುರಾಣದ ಪುಸ್ತಕವನ್ನು ಏನು ಮಾಡುತ್ತಾರೋ ಅದನ್ನೇ ಮಾಡಬೇಕೆಂದು ಹಟ ಹಿಡಿದಳು. ಒಂದು ಶುಕ್ರವಾರ ಕಟ್ಟಿಗೆ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಬಿ.ಜಿ. ಕೆರೆಗೆ ಒಯ್ದು ನೀರಿಗೆ ಬಿಟ್ಟರು. ಹಾಳೆಗಳು ಸ್ವಲ್ಪ ಹೊತ್ತು ತೇಲಿ, ಬಣ್ಣ ಬಿಟ್ಟು, ಕೆಳಗಿಳಿದವು. ಗೀತಮ್ಮ ಅಂದು ನಿರುಮ್ಮಳವಾಗಿ ಊಟ ಮಾಡಿದ್ದಳು.

“ಆಗಿದ್ದು ಆಯ್ತು,” ಎಂದರು ಹಾಲೇಶಪ್ಪ. “ನಲವತ್ತು ಮಗ್ಗ ಐತೆ ನನ್ನ ಕೊರಳಿಗೆ. ಶನಿವಾರದೊಳಗೆ ಎಷ್ಟು ಸಿಗ್ತಾವೋ ಸಿಗ್ಲಿ. ಸಿಗದಿದ್ದಕ್ಕೆ ಆಂಧ್ರದ ಕಡೆಯಿಂದ ರೆಡಿ ಡಿಸೈನ್ ತರಿಸ್ತೀನಿ. ಹುಲಿಯಪ್ಪನ ಅಂಚು ಇಲ್ಲ ಅಂತ ಮಗ್ಗ ನಿಲ್ಲಿಸಾಕಾಗಲ್ಲ ನೋಡು ಗೀತಮ್ಮ.”

ಅವರು ಕಟುವಾಗಿ ಹೇಳಲಿಲ್ಲ. ಕಟುವಾಗಿ ಹೇಳಿದ್ದರೆ ಒಂದು ಮಾತು ತಿರುಗಿಸಿ ಆಡಬಹುದಿತ್ತು.

ಮನೆಯಲ್ಲಿ ಹುಲಿಯಪ್ಪ ಬಾಗಿಲ ಪಕ್ಕದ ಬಿಸಿಲಲ್ಲಿ ಕೂತು, ಬೆರಳುಗಳಿಂದ ಪಂಚೆಯ ಅಂಚನ್ನು ತಡವುತ್ತಿದ್ದ. ಅವಳು ಎಲ್ಲ ಹೇಳಿ ಮುಗಿಸಿದಳು. ಅವನು ಬೈಯುತ್ತಾನೆಂದು ಕಾದಳು.

“ಹುಳ ಅಂದ್ರೆ ಎಂಥಾದ್ದೇ?” ಎಂದ.

“ಕಣ್ಣಿಗೆ ಕಾಣಲ್ಲಂತೆ.”

“ನನಗ್ಯಾವುದು ಕಾಣ್ತೈತೆ ಈಗ?” ಅಂದು ತಾನೇ ನಕ್ಕ. ಆಮೇಲೆ, “ಎಷ್ಟು ನೆನಪಾವೆ ನಿನಗೆ?”

“ಯಾರಿಗ್ಗೊತ್ತು. ನಾಲಿಗೆ ತಿರುವಿದ್ರೆ ತಾನೆ ತಿಳಿಯೋದು.”

“ನನಗೆ ಒಂದೂ ನೆನಪಿಲ್ಲ ನೋಡು. ನಾನು ಬರೀತಿದ್ದೆ, ಮರೀತಿದ್ದೆ. ಬಾಯಲ್ಲಿ ಇಟ್ಕಂಡಿದ್ದು ನೀನು.” ಪಂಚೆಯ ಅಂಚು ಬಿಟ್ಟ. “ಒಂದು ಲೋಟ ಬಿಸಿನೀರು ಕುಡ್ಕಂಡು ಹೋಗು. ಗಂಟಲು ಕಟ್ತೈತೆ.”

ಮಂಗಳವಾರದಿಂದ ಓದು ಶುರುವಾಯಿತು. ಪರದೆಯ ಮೇಲೆ ಕೆಟ್ಟ ಅಂಚು. ಗೀತಮ್ಮ ಅದನ್ನು ನೋಡುತ್ತಾ ಜೋರಾಗಿ ಓದುವಳು. ಸುನಿತಾ ಹೊಸ ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಚುಕ್ಕಿಯಿಡುವಳು. ಸರಿ ಇರುವ ಕಡೆ ನಡೆ ಸಾಗುತ್ತಿತ್ತು. ಹುಳ ಬಾಯಿ ಹಾಕಿದ ಕಡೆ ನಾಲಿಗೆ ಎಡವುತ್ತಿತ್ತು. ಎಡವಿದಲ್ಲಿ ನಿಂತು, ಕಣ್ಣು ಮುಚ್ಚಿ, ಎರಡು ಸಾಲು ಹಿಂದಿನಿಂದ ಮತ್ತೆ ಹೇಳಿಕೊಂಡು ಬಂದರೆ ಒಮ್ಮೊಮ್ಮೆ ಬಾಯಿಯೇ ದಾರಿ ಹಿಡಿದು ಮುಂದೆ ಹೋಗುವುದು. ಒಮ್ಮೊಮ್ಮೆ ಹೋಗುತ್ತಿರಲಿಲ್ಲ. ಹೋಗದಿದ್ದರೆ ಆ ಅಂಚನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಕು. ಬಿಡುವಾಗ ಗೀತಮ್ಮ ಕೈ ಅಲ್ಲಾಡಿಸುತ್ತಿದ್ದಳು.

ಜೋಡಿ ಗಿಣಿ ಎರಡು ತಾಸಿಗೆ ಸಿಕ್ಕಿತು. ರುದ್ರಾಕ್ಷಿ ಸಾಲು ಅರ್ಧ ತಾಸಿಗೆ. ಬುಧವಾರ ಸಂಜೆಗೆ ಎಂಟು. ಸುನಿತಾಳ ಮಗುವನ್ನು ಅವಳ ಅತ್ತೆ ತಂದು ತೋರಿಸಿ ಕರೆದುಕೊಂಡು ಹೋದಳು. ಕ್ಯಾತಣ್ಣ ಆಗಾಗ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಅವನ ಮಗ್ಗ ಖಾಲಿ ಇತ್ತು.

ಗುರುವಾರ ಬೆಳಿಗ್ಗೆ ಒಂದು ಸಾಲಿನಲ್ಲಿ ಸುನಿತಾ ಪೆನ್ಸಿಲ್ ನಿಲ್ಲಿಸಿದಳು. “ಅಕ್ಕ, ಇಲ್ಲಿ ಹುಳ ತಿಂದೈತೆ. ಆ ಕಡೆ ಹೂವಿಗೆ ಐದು ಎಸಳು, ಈ ಕಡೆ ಹೂವಿಗೆ ನಾಲ್ಕು. ನೀವು ಎಡವದೇನೇ ಹೇಳ್ಕಂಡು ಹೋದ್ರಿ.”

“ಅದು ಹುಳ ಅಲ್ಲ.”

“ಮತ್ತೆ?”

ಗೀತಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಇಪ್ಪತ್ತೇಳು ವರ್ಷ ಗಂಡ ಹೆಂಡಿರ ನಡುವೆಯೇ ಇದ್ದ ಮಾತು. “ಅವರು ಪ್ರತಿ ಅಂಚಿನಾಗೂ ಒಂದು ಚುಕ್ಕಿ ಬೇಕಂತಲೇ ತಪ್ಪು ಇಡ್ತಿದ್ರು. ಮಗುವಿನ ಕೆನ್ನೆಗೆ ಇಡಲ್ವ, ಹಂಗೆ. ಕೊರತೆ ಇಲ್ಲದ್ದಕ್ಕೆ ಕಣ್ಣು ಬೀಳ್ತೈತೆ. ಎಲ್ಲಿ ಐತೆ ಅಂತ ಬ್ಯಾರೇರಿಗೆ ಹೇಳ್ಬಾರ್ದು. ಈಗ ನಿನಗೆ ಹೇಳಿದೆ. ಇನ್ನ ನೀನೂ ಹೇಳ್ಬ್ಯಾಡ.”

“ನಾನು ಹಾಕುವಾಗ ನೋಡಿದ್ದೆ ಅಕ್ಕ. ತಪ್ಪು ಇರಬಹುದು ಅನ್ನಿಸ್ತು. ಹಾಳೇಲಿ ಇದ್ದಂಗೆ ಹಾಕ್ಬಿಟ್ಟೆ.”

“ಒಳ್ಳೇದು ಮಾಡ್ದೆ.”

ಬಾಗಿಲಲ್ಲಿ ಕ್ಯಾತಣ್ಣ ಕೆಮ್ಮಿದ. “ಒಂದು ಮಾತು ಕೇಳ್ತೀನಿ ಗೀತಕ್ಕ. ಹೊರಗಿನ ಫ್ಲಾಪಿ ನೀವು ಒಳಗೇ ಬಿಡಲ್ಲ. ನಮ್ಮ ಸಡ್ಡಕನ ಮಗಳ ಲಗ್ನಪತ್ರಿಕೇನೂ ಬಿಡ್ಲಿಲ್ಲ, ಅವ್ನಿನ್ನೂ ನನ್ನ ಕೂಡ ಮಾತಾಡಲ್ಲ. ಹಂಗಾದ್ರೆ ಹುಳ ಹೆಂಗೆ ಬಂತು?”

“ಅದೇ ನನಗೂ ತಿಳೀವಲ್ದು.”

“ನಮ್ಮಪ್ಪ ಸಂತೆಗೆ ಹೊಡ್ಕಂಡು ಹೋದ ಕುರಿ ಮಾರಾಟ ಆಗ್ದೆ ವಾಪಸ್ ಬಂದ್ರೆ, ನಮ್ದೇ ಕುರಿ ಅದು, ಹುಟ್ಟಿದ್ದು ನಮ್ಮ ಹಟ್ಟೀಲೇ, ಆದ್ರೂ ಎಂಟು ದಿನ ರೊಪ್ಪದೊಳಗೆ ಬಿಡ್ತಿರಲಿಲ್ಲ. ಹೊರಗೆ ಗೂಟಕ್ಕೆ ಕಟ್ತಿದ್ದ. ಊರವರ ಕುರಿ ಮೈ ಉಜ್ಜಿರ್ತಾವೆ ಕಣೋ, ಅನ್ನೋನು. ಹಂಗೇನಾನ ನಿಮ್ದೇ ಫ್ಲಾಪಿ ಎಲ್ಲಿಗಾನ ಹೋಗಿ ಬಂತಾ ಅಂತ.”

“ನಮ್ಮದು ಎಲ್ಲಿಗೆ ಹೋಗುತ್ತಪ್ಪ? ಡಬ್ಬಿಗೆ ಬೀಗ ಐತೆ,” ಎಂದಳು ಗೀತಮ್ಮ. ಅವನು ತಲೆ ಕೆರೆದುಕೊಂಡು ಹೋದ.

ಮುಂದಿನ ಸಾಲು ಓದಿದಳು. ಪೆನ್ಸಿಲಿನ ಸದ್ದು ಬರಲಿಲ್ಲ. ತಿರುಗಿ ನೋಡಿದರೆ ಸುನಿತಾ ಹಾಳೆಯ ಮೇಲೆ ಬಗ್ಗಿಕೊಂಡಿದ್ದಳು. ಹಾಳೆ ನೆನೆಯಬಾರದೆಂದು ಮುಖ ಮಾತ್ರ ಪಕ್ಕಕ್ಕೆ ತಿರುಗಿಸಿದ್ದಳು.

“ಹೋಗಿ ಬಂದೈತಕ್ಕ,” ಎಂದಳು.

ಚಳ್ಳಕೆರೆಯಲ್ಲಿ ಈರೇಶ್ ಎಂಬವನ ಕಂಪ್ಯೂಟರ್ ಅಂಗಡಿ ಇದೆ, ಲಗ್ನಪತ್ರಿಕೆ, ಬೋರ್ಡು, ಡಿಸೈನು ಎಲ್ಲ ಮಾಡುತ್ತಾನೆ. ಸುನಿತಾಳಿಗೆ ಕೆಲಸ ಕಲಿಸಿದವನು ಅವನೇ. ಒಂದು ವರ್ಷ ಕಲಿಸಿ ಒಂದು ಪೈಸೆ ಕೇಳಲಿಲ್ಲ. ಹೋದ ಯುಗಾದಿಯ ಹೊತ್ತಿಗೆ, ‘ನಿಮ್ಮಲ್ಲಿ ಹಳೇ ಅಂಚು ಬಹಳ ಚೆನ್ನಾಗವೆ ಅಂತಾರೆ, ನನ್ನ ದೊಡ್ಡ ಪ್ರಿಂಟರಿನಲ್ಲಿ ಹೆಂಗೆ ಬರ್ತಾವೆ ನೋಡ್ತೀನಿ ತಗಂಬಾ,’ ಅಂದ. ಇಲ್ಲ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಒಂದು ಭಾನುವಾರ ಆರು ಫ್ಲಾಪಿಯಲ್ಲಿ ಹಾಕಿಕೊಂಡು ಹೋದಳು. ಅವನು ಪ್ರಿಂಟ್ ತೆಗೆದ. ಅವಳು ಫ್ಲಾಪಿಗಳನ್ನು ವಾಪಸ್ ತಂದು ಡಬ್ಬಿಯಲ್ಲಿಟ್ಟಳು. ಸೊಸೈಟಿಯ ಫ್ಲಾಪಿಗಳೇ ಅಲ್ಲವೇ, ಹೊರಗಿನವಲ್ಲವಲ್ಲ ಎಂದುಕೊಂಡಳು.

“ಯಾವಾಗ ಗೊತ್ತಾಯ್ತು ನಿನಗೆ?”

“ಸೋಮವಾರ ಇಂಜಿನಿಯರು ಫ್ಲಾಪಿ ಅಂದಾಗ್ಲೇ. ಹೇಳಾಕೆ ಬಾಯಿ ಬರ್ಲಿಲ್ಲ.”

ಗೀತಮ್ಮನಿಗೆ ಸಿಟ್ಟು ಬರಬೇಕಿತ್ತು. ಬರುವಷ್ಟು ತ್ರಾಣ ಮೈಯಲ್ಲಿರಲಿಲ್ಲ. ಮೂರು ದಿನದ ಓದಿನಿಂದ ಗಂಟಲಲ್ಲಿ ಮರಳು ಹಾಕಿದಂತಾಗಿತ್ತು. ಸಂಜೆಯೊಳಗೆ ಇನ್ನೆರಡು ಅಂಚು ಮುಗಿಸಿದರೆ ಹದಿಮೂರಾಗುತ್ತದೆ. ಹದಿಮೂರರ ಆಚೆ ಅವಳ ಬಾಯಿಯಲ್ಲಿ ಇಡಿಯಾಗಿ ಉಳಿದ ಅಂಚು ಯಾವುದೂ ಇಲ್ಲವೆಂದು ಅವಳಿಗೆ ಆಗಲೇ ಗೊತ್ತಾಗಿತ್ತು.

ಗೀತಮ್ಮ ಒಂದೇ ಪ್ರಶ್ನೆ ಕೇಳಿದಳು. “ಯುಗಾದಿಗೆ ಅಂದ್ಯಲ್ಲ. ಪ್ರಿಂಟು ತೆಗೆಯೋವಾಗ ಡಿಸೈನ್ ಸರಿ ಇದ್ವಾ?”

ಸುನಿತಾ ತಲೆಯೆತ್ತಿದಳು. “ಸರಿ ಇದ್ವಕ್ಕ. ಎಲ್ಲ ಸರಿ ಇದ್ವು.”

“ಹಾಳೆ ಮೇಲೆ ತೆಗೆದ್ನಾ?”

“ದೊಡ್ಡ ಹಾಳೆ. ಚೌಕುಳಿ ಸಮೇತ.”

ಶುಕ್ರವಾರ ಬೆಳಿಗ್ಗೆ ಗೀತಮ್ಮ ಒಬ್ಬಳೇ ಚಳ್ಳಕೆರೆ ಬಸ್ಸು ಹತ್ತಿದಳು. ಸುನಿತಾ ಬರುತ್ತೇನೆಂದಳು, ಬೇಡವೆಂದಳು. ಹಾನಗಲ್ಲು ದಾಟಿದ ಮೇಲೂ ನಿಂತೇ ಇದ್ದಳು. ಬಿ.ಜಿ. ಕೆರೆಯಲ್ಲಿ ಬಸ್ಸು ನಿಂತಾಗ ಸೀಟು ಸಿಕ್ಕಿತು, ಆದರೆ ಕೆರೆಯ ಕಡೆಯ ಕಿಟಕಿ. ಅವಳು ಕಣ್ಣು ಮುಚ್ಚಿಕೊಂಡಳು. ನೆರಮನೆಯವರಿಂದ ಬೈಸಿಕೊಳ್ಳದೆ, ಅಧ್ಯಕ್ಷರಿಂದ ಬೈಸಿಕೊಳ್ಳದೆ, ಕಟ್ಟಿಕೊಂಡವನಿಂದಲೂ ಬೈಸಿಕೊಳ್ಳದೆ ಇಷ್ಟು ದೊಡ್ಡ ತಪ್ಪನ್ನು ಹೊತ್ತು ತಿರುಗುವುದು ಬಹಳ ಭಾರ. ದೇವರಿಗೆ ಹೇಳಿಕೊಳ್ಳೋಣವೆಂದರೆ ಅವನ ಹೆಸರಿನಲ್ಲೇ ಮಾಡಿದ ತಪ್ಪು ಅದು.

ಎಣ್ಣೆ ಮಿಲ್ಲುಗಳ ಹಿಂಡಿಯ ವಾಸನೆ ಬಂದಾಗ ಊರು ಬಂತೆಂದು ಎದ್ದಳು. ಈರೇಶನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದೆಯೇ ಇತ್ತು. ಮೂವತ್ತೈದರ ಆಳು, ಹಣೆಗೆ ವಿಭೂತಿ, ಕಿವಿಯ ಮೇಲೆ ಪೆನ್ನು.

“ಬರ್ರಿ ಅಮ್ಮಾರೆ. ಲಗ್ನಪತ್ರಿಕೆನಾ, ಗೃಹಪ್ರವೇಶನಾ?”

“ಮೊಳಕಾಲ್ಮೂರಿಂದ ಬಂದೀನಿ. ಸೀರೆ ಅಂಚಿನ ಡಿಸೈನು ಬೇಕಾಗಿತ್ತು.”

“ಇವೆಯಲ್ಲ! ಆಂಧ್ರದೋರ ಡಿಸೈನು, ಹೊಸಾವು, ಎಲ್ಲೂ ಸಿಗಲ್ಲ.” ಮೇಜಿನ ಕೆಳಗಿನಿಂದ ಒಂದು ದೊಡ್ಡ ಸುರುಳಿ ತೆಗೆದು ಹಾಳೆಗಳನ್ನು ಹರಡಿದ.

ಮೇಲಿನ ಹಾಳೆ ಗೌರಿ ಮಂಟಪ. ಇಡೀ ಮಂಟಪ, ಎಡಗಂಬ ಬಲಗಂಬ ಎರಡೂ ನೆಟ್ಟಗೆ. ಗೀತಮ್ಮ ಹಾಳೆಯ ಮೇಲೆ ಬಗ್ಗಿದಳು. ನಿಂತಲ್ಲೇ ಒಂದು ಸಾಲನ್ನು ತುಟಿಯಲ್ಲೇ ಓದಿದಳು. ಎಡವಲಿಲ್ಲ.

“ಯಾವ ಊರ ಆಂಧ್ರದೋರಪ್ಪ ಬರ್ದಿದ್ದು?”

“ಅದೆಲ್ಲ ಟ್ರೇಡ್ ಸೀಕ್ರೆಟ್ ಅಮ್ಮಾರೆ,” ಎಂದು ನಕ್ಕ.

ಗೀತಮ್ಮ ಬೆರಳನ್ನು ಮಂಟಪದ ಕಳಶದ ಕೆಳಗಿನ ಒಂದು ಚೌಕದ ಮೇಲಿಟ್ಟಳು. “ಇಲ್ಲಿ ಒಂದು ಚುಕ್ಕಿ ಕಮ್ಮಿ ಐತೆ ನೋಡು.” ಹಾಳೆ ಮಗುಚಿದಳು. “ಇದ್ರಾಗೆ ಬಳ್ಳಿ ಸುತ್ತೋ ಕಡೆ ಒಂದು ಹೆಚ್ಚಿಗೈತೆ.” ಮತ್ತೊಂದು ಮಗುಚಿ, ನೋಡದೆಯೇ ಬೆರಳಿಟ್ಟಳು. “ಇದ್ರಾಗೆ ಇಲ್ಲಿ. ಎಣಿಸಿ ನೋಡು ಬೇಕಾದ್ರೆ. ಇದನ್ನ ಬರ್ದೋರು ನಮ್ಮ ಮನೆಯೋರು. ಇವೆಲ್ಲ ಅವರೇ ಬೇಕಂತ ಇಟ್ಟ ತಪ್ಪು.”

ಈರೇಶ ಎಣಿಸಿದ. ಮೂರನೆಯದನ್ನು ಎಣಿಸಿ ಮುಗಿಸಿದ ಮೇಲೆ ಕಿವಿಯ ಪೆನ್ನು ತೆಗೆದು ಮೇಜಿನ ಮೇಲಿಟ್ಟ. ಸ್ಟೂಲನ್ನು ಅವಳ ಕಡೆ ತಳ್ಳಿದ.

“ಕುಂತ್ಕಳ್ರಿ. ಸುನಿತಾ ಹೇಳಿದ್ಳಾ?”

“ಹೇಳಿದ್ಳು. ನಿನ್ನ ಕಂಪ್ಯೂಟ್ರಾಗಿನ ಹುಳ ನಮ್ಮದಕ್ಕೆ ಬಂದು ನಲವತ್ತೆಂಟನ್ನೂ ತಿಂದೈತೆ.”

ಅವನ ಮುಖ ಈಗ ನಿಜವಾಗಿ ಇಳಿಯಿತು. “ಅಯ್ಯೋ, ಅದು ನನಗೆ ಗೊತ್ತಿಲ್ಲಮ್ಮ, ತಿಪ್ಪೇಸ್ವಾಮಿ ಆಣೆ. ದಿನಾ ನೂರು ಜನ ಫ್ಲಾಪಿ ತರ್ತಾರೆ. ನಮ್ಮದು ಛತ್ರ ಇದ್ದಂಗೆ.”

“ಇವು ಎಷ್ಟು ಅದಾವೆ ನಿನ್ನ ಹತ್ರ?”

“ಮೂವತ್ತು. ಉಳಿದವಕ್ಕೆ ಅವತ್ತು ಇಂಕು ಮುಗೀತು, ಕಂಪ್ಯೂಟ್ರಾಗೆ ಉಳಿಸ್ಕಂಡಿಲ್ಲ.”

“ಬ್ಯಾರೇರಿಗೆ ಕೊಟ್ಟೀಯಾ?”

ಈರೇಶ ಹಾಳೆಗಳ ಮೂಲೆ ಸರಿಮಾಡತೊಡಗಿದ. “ಮೇಲಿನ ಹನ್ನೆರಡರ ನಕಲು ಕೊಟ್ಟೀನಿ. ಗಡಿ ಆಚೆ ಪವರ್‌ಲೂಮಿನೋರಿಗೆ.”

ಅಂದರೆ ಇಷ್ಟು ಹೊತ್ತಿಗೆ ಗೌರಿ ಮಂಟಪ ಎಲ್ಲೋ ನೈಲಾನಿನಲ್ಲಿ ನಿಮಿಷಕ್ಕೆ ನೂರಿಪ್ಪತ್ತು ಎಳೆಯಂತೆ ಓಡುತ್ತಿದೆ, ಕಳಶದ ಕೆಳಗಿನ ತಪ್ಪು ಚುಕ್ಕಿಯ ಸಮೇತ. ಇಷ್ಟು ಕಾಲ ಅವಳು ಕಾದ ಬೀಗ ಇದಕ್ಕಾಗಿಯೇ ಇತ್ತು. ಗೀತಮ್ಮ ಅದನ್ನು ಮನಸ್ಸಿನಲ್ಲಿ ಒಮ್ಮೆ ಎತ್ತಿ ನೋಡಿ, ಭಾರವೆಂದು ಕೆಳಗಿಟ್ಟಳು.

“ಒಂದು ಲೋಟ ನೀರು ಕೊಡಪ್ಪ. ಆಮೇಲೆ ಇವನ್ನ ಸುತ್ತಿ, ಗಟ್ಟಿಯಾಗಿ ದಾರ ಕಟ್ಟಿ ಕೊಡು.”

ಅವನು ನೀರು ಕೊಟ್ಟ. ಸುರುಳಿ ಕಟ್ಟಿದ. ಕಟ್ಟುತ್ತಾ, “ಹಾಲೇಶಪ್ಪಾರಿಗೆ ನನ್ನ ಹೆಸರು ಹೇಳ್ತೀರಾ?” ಎಂದು ಕೇಳಿದ.

“ಹೇಳ್ತೀನೋ ಇಲ್ಲೋ ಈಗ ಗೊತ್ತಿಲ್ಲ. ನನಗೆ ಬಹಳ ಸುಸ್ತಾಗೈತೆ.”

“ಹೇಳಿದ್ರೆ ಆ ಹುಡುಗಿ ಕೆಲಸ ಹೋಗುತ್ತೆ. ಅವಳದು ತಪ್ಪಿಲ್ಲಮ್ಮ, ನಾನು ಕಲಿಸಿದ್ದಕ್ಕೆ ದಾಕ್ಷಿಣ್ಯ ಮಾಡ್ಕಂಡ್ಳು.”

“ಅಷ್ಟು ತಿಳಿದೋನು ಯಾಕೆ ಕೇಳ್ದೆ?”

ಈರೇಶ ಸುರುಳಿಯ ಗಂಟನ್ನು ಇನ್ನೊಮ್ಮೆ ಬಿಗಿದ. ಬಸ್ಸಿನ ತನಕ ಸುರುಳಿಯನ್ನು ತಾನೇ ಹೊತ್ತು ತಂದು, ಕಿಟಕಿಯಿಂದ ಅವಳ ತೊಡೆಯ ಮೇಲಿಟ್ಟು ಹೋದ.

ಶನಿವಾರ ಬೆಳಿಗ್ಗೆ ಇಂಜಿನಿಯರು ಬಂದ. ಕೋಣೆಯ ಹೊರಗೆ ಚಪ್ಪಲಿ ಬಿಟ್ಟ, ಗೀತಮ್ಮ ಹೇಳುವ ಮೊದಲೇ. ಒಳಗೆ ಅವನು ಅಳಿಸುವ ಕೆಲಸ ಮಾಡುತ್ತಿದ್ದಾಗ ಹೊರಗೆ ಹಾಲೇಶಪ್ಪ ಬೆಂಚಿನ ಮೇಲೆ ಹಾಳೆಗಳನ್ನು ಹರಡಿಕೊಂಡಿದ್ದರು. ಒಂದು ಕಡೆ ಸುನಿತಾ ಪೆನ್ಸಿಲಿನಲ್ಲಿ ಬರೆದ ಹದಿಮೂರು. ಇನ್ನೊಂದು ಕಡೆ ಪ್ರಿಂಟಿನ ಮೂವತ್ತು. ನಾಲ್ಕು ಎರಡು ಕಡೆಯೂ ಇದ್ದವು. ಒಟ್ಟು ಮೂವತ್ತೊಂಬತ್ತು.

“ಇವು ಎಲ್ಲಿದ್ವು?” ಎಂದು ಪ್ರಿಂಟಿನ ಮೇಲೆ ಕೈಯಿಟ್ಟರು.

ಗೀತಮ್ಮ ಬಾಯಿ ತೆರೆಯುವ ಮೊದಲೇ ಸುನಿತಾ ಎದ್ದು ನಿಂತಳು. “ನಾನು ಹೊರಗೆ ಒಯ್ದಿದ್ದೆ ಸಾರ್. ಯುಗಾದಿಗೆ. ಹುಳಾನೂ ನನ್ನಿಂದಲೇ ಬಂದಿದ್ದು.”

ಹಾಲೇಶಪ್ಪನ ಮುಖ ಕೆಂಪಾಯಿತು. “ಎಷ್ಟು ಧೈರ್ಯ ನಿನಗೆ! ನಾನು ಇಲ್ಲಿ ಬೀಗ ಹಾಕಿಸಿ, ಕಾವಲಿಟ್ಟು...”

“ಹಾಲೇಶಪ್ಪಾರೆ,” ಎಂದಳು ಗೀತಮ್ಮ. ದನಿ ಒಡೆದು ಪಿಸುಮಾತಿನಂತೆ ಬಂತು. ಅವರು ಬಗ್ಗಿ ಕೇಳಬೇಕಾಯಿತು. “ಯಾರದು ಎಷ್ಟು ತಪ್ಪು ಅಂತ ಬರ್ಕೊಳ್ಳೋದಾದ್ರೆ ಮೊದ್ಲು ನಂದು ಬರ್ಕೊಳ್ರಿ. ಅವಳು ಒಯ್ದಿದ್ದಕ್ಕೆ ಮೂವತ್ತು ಉಳಿದ್ವು. ನಾನು ಕೆರೆಗೆ ಬಿಟ್ಟಿದ್ದಕ್ಕೆ ಒಂದೂ ಉಳೀಲಿಲ್ಲ.”

“ನೀನು ದೇವರ ಕೆಲಸ ಅಂತ ಮಾಡ್ದೆ.”

“ಅವಳು ಗುರುವಿಗೆ ಅಂತ ಮಾಡಿದ್ಳು. ನೀರಿಗೆ ಅದೆಲ್ಲ ತಿಳಿಯಲ್ಲ, ಹುಳಕ್ಕೂ ತಿಳಿಯಲ್ಲ.” ಸ್ವಲ್ಪ ಸುಧಾರಿಸಿಕೊಂಡಳು. “ಅವಳನ್ನ ತೆಗೆದ್ರೆ ಇವನ್ನ ಮತ್ತೆ ಒಳಗೆ ಹಾಕೋರ್ಯಾರು? ನೀವು ಹಾಕ್ತೀರಾ?”

ಕ್ಯಾತಣ್ಣ ಹಿಂದಿನಿಂದ, “ಸಾವ್ಕಾರ್ರು ಹಾಕಿದ್ರೆ ಗಿಣಿಗೆ ಮೀಸೆ ಬರ್ತಾವೆ,” ಎಂದ. ಯಾರೂ ನಗಲಿಲ್ಲ, ಆದರೆ ಹಾಲೇಶಪ್ಪ ಕೂತುಕೊಂಡರು. ಹಾಳೆಗಳನ್ನು ಒಂದೊಂದಾಗಿ ಮಗುಚಿ ನೋಡಿದರು. ಆಮೇಲೆ ಕೈ ಚಾಚಿದರು. ಗೀತಮ್ಮ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ಕೊಟ್ಟಳು.

“ಇನ್ಮೇಲೆ ಇದು ನನ್ನ ಹತ್ರ ಇರುತ್ತೆ. ಸೋಮವಾರದಿಂದ ಇಬ್ರೂ ಬನ್ನಿ. ನೀನು ಓದು, ಅವಳು ಹಾಕ್ಲಿ. ಹಾಳೆ ಮಾತ್ರ ನನ್ನ ಬೀರುವಿನಲ್ಲಿ. ಕೆರೆಗೂ ಬೇಡ, ಚಳ್ಳಕೆರೆಗೂ ಬೇಡ.”

ಫ್ಲಾಪಿಗಳು ಹೋಗಿ ಬಂದದ್ದು ಚಳ್ಳಕೆರೆಗೆ ಎಂದು ಇಬ್ಬರೂ ಅವರಿಗೆ ಹೇಳಿರಲಿಲ್ಲ. ನಿನ್ನೆ ಅವಳು ಬಸ್ಸು ಹತ್ತಿದ್ದನ್ನು ಯಾರೋ ಕಂಡು ಹೇಳಿರಬೇಕು; ವಿಚಾರಿಸಲಾರದಷ್ಟು ಗೀತಮ್ಮ ದಣಿದಿದ್ದಳು.

ಮಧ್ಯಾಹ್ನದ ಬಿಸಿಲಲ್ಲಿ ಮನೆಗೆ ಬಂದಳು. ಸೆರಗು ಹಗುರವಾಗಿತ್ತು, ಆ ಹಗುರಕ್ಕೆ ಅವಳು ಇನ್ನೂ ಒಗ್ಗಿರಲಿಲ್ಲ. ಚಾಪೆ ಹಾಸಿ ಗೋಡೆಗೆ ಒರಗಿ ಕೂತಳು.

“ಎಷ್ಟು ಉಳಿದ್ವು?” ಎಂದ ಹುಲಿಯಪ್ಪ.

“ಮೂವತ್ತೊಂಬತ್ತು.”

“ಹೋದವು ಯಾವು?”

ಒಂದೊಂದಾಗಿ ಹೇಳಿದಳು. ನವಿಲು ಕಣ್ಣು. ಹಣ್ಣಿನ ಅಂಚು, ದೊಡ್ಡದು. ಎಳ್ಳು ಸಾಲು. ಕಂಬದ ಹೂವು. ಅವನು ಪ್ರತಿಯೊಂದಕ್ಕೂ ಹೂಂಗುಟ್ಟುತ್ತಾ ಹೋದ. ಏಳನೆಯದಕ್ಕೆ ಬಂದಾಗ ಕೈಯೆತ್ತಿದ.

“ಅದು ಹೋಗ್ಲಿ ಬಿಡು. ಅದರ ಮೂಲೆ ನನಗೆ ಯಾವತ್ತೂ ಕೂಡಿ ಬರ್ಲಿಲ್ಲ. ನಿನಗೆ ಗೊತ್ತಾಗ್ದಂಗೆ ಮುಚ್ಚಿಟ್ಟಿದ್ದೆ.”

“ಗೊತ್ತಿತ್ತು,” ಎಂದಳು ಗೀತಮ್ಮ. “ಅಲ್ಲಿ ಬಂದಾಗೆಲ್ಲ ಜೋರಾಗಿ ಓದ್ತಿದ್ದೆ, ನಿಮಗೆ ಕೇಳ್ಲಿ ಅಂತ.”

ಅವನು ನಕ್ಕ. ಆಮೇಲೆ ಇನ್ನೆರಡರ ಹೆಸರು ಕೇಳಿದ. ಅವಳು ಹೇಳಿದಳು. ಎಂಟನೆಯದಕ್ಕೂ ಒಂಬತ್ತನೆಯದಕ್ಕೂ ಅವನ ಬೆರಳು ಪಂಚೆಯ ಅಂಚಿಗೆ ಹೋಯಿತು. ಅವು ಇಬ್ಬರೂ ಬಹಳ ಇಷ್ಟಪಟ್ಟ ಅಂಚುಗಳು. ಹೊರಗೆ ಯಾರೋ ಸೈಕಲ್ ಬೆಲ್ಲು ಹೊಡೆದು ಹೋದರು.

“ಸೋಮವಾರ ತನಕ,” ಎಂದಳು ಗೀತಮ್ಮ ಚಾಪೆಯ ಮೇಲೆ ಮಲಗುತ್ತಾ, “ನನ್ನ ಮುಂದೆ ಒಂದು ಎರಡು ಅನ್ಬ್ಯಾಡ್ರಿ. ಎಷ್ಟು ರೊಟ್ಟಿ ಅಂತಾನೂ ಕೇಳ್ಬ್ಯಾಡ್ರಿ.”

ಉತ್ತರ ಬರುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.